ನಲ್ಲಮಡದ ಉಪ್ಪು

ಹಾರೆಯ ಮೊನೆ ಬಂಡೆಗೆ ಬಡಿದು ಕಿಡಿ ಹಾರಿತು. ಗುರುಸಿದ್ದಪ್ಪ ಅದನ್ನೆತ್ತಿ ಮತ್ತೆ ಅದೇ ಜಾಗಕ್ಕೆ ಹಾಕಿದ. ಚೈತ್ರ ಇನ್ನೂ ಮುಗಿದಿರಲಿಲ್ಲ, ಆಗಲೇ ಬಿಸಿಲು ಬೆನ್ನಿನ ಮೇಲೆ ಕಾದ ಹಂಚು ಇಟ್ಟ ಹಾಗೆ ಕೂತಿತ್ತು. ರುದ್ರಭೂಮಿಯ ಬೇವಿನ ಗಿಡಗಳು ಹೂ ಉದುರಿಸುತ್ತಿದ್ದವು. ಊರಲ್ಲಾಗಿದ್ದರೆ, ಲಿಂಗಸುಗೂರಿನ ಕಡೆಯ ಎರೆಹೊಲದಲ್ಲಿ, ಇಷ್ಟೊತ್ತಿಗೆ ಕುಣಿ ತೆಗೆದು ನೆರಳಿಗೆ ಕೂತು ಎಲೆಯಡಿಕೆ ಹಾಕಿಕೊಳ್ಳಬಹುದಿತ್ತು. ಹೈದರಾಬಾದಿನ ನೆಲ ಹಾಗಲ್ಲ. ಮೇಲೊಂದು ಗೇಣು ಗರಸು, ಅದರ ಕೆಳಗೆ ಕಲ್ಲೇ ಕಲ್ಲು.

"ಗುರಣ್ಣ, ಕುಣಿ ತೋಡಾಕತ್ತೀಯೋ, ಯಾರಿಗಾರ ಬಡಿಯಾಕತ್ತೀಯೋ?" ಎಂದ ಚಂದ್ರಾಮ. ರೈಲ್ವೆ ವರ್ಕ್‌ಶಾಪಿನಲ್ಲಿ ಇಬ್ಬರೂ ಒಂದೇ ಪಾಳಿಯವರು. "ಇತ್ಲಾಗ ಕೊಡು. ಕೈ ನೋಡ್ಕೋ, ಗುಳ್ಳಿ ಒಡದು ನೀರು ಸೋರಾಕತ್ತೈತಿ."

"ಸೋರಲಿ ಬಿಡು."

"ಕೂಲಿಯವ್ರಿಗೆ ರೊಕ್ಕ ಕೊಟ್ಟು ಕರಕೊಂಡು ಬಂದು, ಅವರನ್ನ ನೆರಳಾಗ ಕುಂದ್ರಿಸಿ ತಾನು ಅಗಿಯೋ ಮನಷಾನ್ನ ನಿನ್ನೊಬ್ಬನ್ನ ನೋಡಿದೆ."

ಗುರುಸಿದ್ದಪ್ಪ ಹಾರೆ ಎತ್ತಿ ಹಾಕಿದ. ಸುಮ್ಮನೆ ಕೂತರೆ ಬಲಗೈ ತಾನಾಗಿ ಮುಷ್ಟಿ ಕಟ್ಟುತ್ತಿತ್ತು. ಬೆಳಿಗ್ಗೆ ಒಮ್ಮೆ ಆ ಕೈ ಒಬ್ಬನ ಮೇಲೆ ಬಿದ್ದೂ ಆಗಿತ್ತು.

ಅಣ್ಣ ಅಮರೇಶಪ್ಪ ನಿನ್ನೆ ಮಧ್ಯಾಹ್ನ ಆಫೀಸಿನಿಂದ ನೇರವಾಗಿ ಬೇಗಂಪೇಟೆ ಸ್ಟೇಷನ್ನಿಗೆ ಹೊರಟಿದ್ದ. ತಿಂಗಳಿಗೊಮ್ಮೆ ಪೂರ್ವ ಕರಾವಳಿಯ ರೈಲು ಹಿಡಿಯುವುದು ಅವನ ಕೆಲಸದ ಪಾಡು. ಮೇಲುಸೇತುವೆ ಕಟ್ಟುತ್ತಿರುವ ಕಡೆ ಅರ್ಧ ರಸ್ತೆ ದಾಟಿದ್ದನಂತೆ. ಕಂಪ್ಯೂಟರ್ ಕಂಪನಿಯ ಹುಡುಗರನ್ನು ಸಾಗಿಸುವ ಸುಮೋ ಒಂದು ಎಡಗಡೆಯಿಂದ ಬಂತು. ಅಮರೇಶಪ್ಪನಿಗೆ ಎಡಗಣ್ಣು ಇರಲಿಲ್ಲ. ಹಾರ್ನಿಗೆ ತಿರುಗುವಷ್ಟರಲ್ಲಿ ಗಾಡಿ ಅವನನ್ನು ಕಬ್ಬಿಣದ ಸರಳುಗಳ ರಾಶಿಯ ಮೇಲೆ ಎಸೆದಿತ್ತು.

ಇವತ್ತು ಬೆಳಿಗ್ಗೆ ಸಿಕಂದರಾಬಾದಿನ ಆಸ್ಪತ್ರೆಯ ಶವಾಗಾರದಲ್ಲಿ ಹೆಣ ಕೊಟ್ಟಾಗ ಕೊರಳಲ್ಲಿ ಲಿಂಗ ಇರಲಿಲ್ಲ. ಉಪನಯನವಾದ ಹುಡುಗ ಜನಿವಾರ ಬಿಟ್ಟರೂ ಬಿಟ್ಟಾನು, ಲಿಂಗ ಕಟ್ಟಿಕೊಂಡವನು ಅದನ್ನು ಮೈಯಿಂದ ಅಗಲಿಸುವುದುಂಟೆ? ಲಿಂಗ ಇಡುವ ಬೆಳ್ಳಿಯ ಕರಡಿಗೆಯ ಆಸೆಗೆ ಕದ್ದಿದ್ದಾರೆ ಎಂದು ಗುರುಸಿದ್ದಪ್ಪನಿಗೆ ಖಾತ್ರಿಯಾಯಿತು. ಹೆಣ ಎತ್ತಿಕೊಟ್ಟ ಆಳಿನ ಕೊರಳಪಟ್ಟಿ ಹಿಡಿದು, "ಎಲ್ಲಿ ಐತಿ ಹೇಳಲೇ" ಎಂದು ಕೆನ್ನೆಗೆ ಬಾರಿಸಿದ್ದ. ಆ ಬಡಕಲು ಮನುಷ್ಯ "ನಾನು ನೋಡೇ ಇಲ್ಲ ಸಾಬ್" ಎಂದು ಗೋಡೆಗೆ ಒರಗಿದವನು ಹಾಗೇ ಕುಸಿದು ಕೂತಿದ್ದ. ಇನ್ನೊಂದು ಕೊಡಲು ಎತ್ತಿದ ಕೈಯನ್ನು ಚಂದ್ರಾಮನೇ ಹಿಡಿದು ಎಳೆದು ತಂದಿದ್ದು.

ಎರಡನೆಯ ಏಟು ಹಾಗೇ ಉಳಿದಿತ್ತು. ಅದು ಈಗ ಬಂಡೆಯ ಮೇಲೆ ಬೀಳುತ್ತಿತ್ತು.

*

ಐದು ವರ್ಷದ ಕೆಳಗೆ ಇನ್ನೊಂದು ಆಸ್ಪತ್ರೆಯಲ್ಲಿ, ಕರಾವಳಿಯ ಪಟ್ಟಣವೊಂದರಲ್ಲಿ, ಗುರುಸಿದ್ದಪ್ಪ ಅಣ್ಣನ ಮಂಚದ ಬದಿಗೆ ನಿಂತಿದ್ದ. ಅರ್ಧ ಮುಖಕ್ಕೆ ಪಟ್ಟಿ ಸುತ್ತಿದ್ದರು. ಉಳಿದರ್ಧ ಬದನೆಕಾಯಿಯ ಬಣ್ಣಕ್ಕೆ ತಿರುಗಿತ್ತು.

ಅಮರೇಶಪ್ಪ ಕಡಲನ್ನೇ ಕಾಣದ ಊರಲ್ಲಿ ಹುಟ್ಟಿ ಹೈದರಾಬಾದಿನ ಸಾಗರ ಸಂಶೋಧನಾ ಕೇಂದ್ರವೊಂದರಲ್ಲಿ ಕೆಲಸಕ್ಕೆ ಸೇರಿದವನು. ಅಳಿವೆಯ ನೀರು, ಉಪ್ಪುನೀರಲ್ಲಿ ಬೆಳೆಯುವ ಕಾಂಡ್ಲಾ ಗಿಡಗಳ ಬುಡದ ಕೆಸರು, ಮೀನು, ಚಿಪ್ಪು ಇವನ್ನೆಲ್ಲ ತಂದು ಅದರಲ್ಲಿ ಕಾರ್ಖಾನೆಯ ವಿಷ ಎಷ್ಟು ಸೇರಿದೆ ಎಂದು ನೋಡುವುದು. "ಒಕ್ಕಲುತನ ಮಾಡೋ ಮನ್ಯಾಗ ಹುಟ್ಟಿ ಕೆಸರು ಬ್ಯಾಡ ಅಂದು ಸಾಲಿ ಕಲಿತ. ಈಗ ಕೆಸರನ್ನ ಬಾಟ್ಲ್ಯಾಗ ತುಂಬ್ಕೊಂಡು ಅಡ್ಡಾಡ್ತಾನ" ಎಂದು ತಂದೆ ನಗುತ್ತಿದ್ದರು.

ಹೊಡೆದದ್ದು ಯಾಕೆ ಎಂದು ಅವತ್ತು ಬಿಡಿಸಿ ಹೇಳಿದವರು ಅಮರೇಶಪ್ಪನ ಜೊತೆ ಕೆಲಸ ಮಾಡುವ ವಾಸುದೇವ, ಧಾರವಾಡದ ಕಡೆಯವರು.

"ನಮ್ಮ ಪದ್ಧತಿ ಹಂಗದ ನೋಡ್ರಿ. ನೀರು ತಗೊಂಡ ಜಾಗಾಕ್ಕ ಒಂದು ಹೆಸರು ಬೇಕಲ್ಲ. ನಕಾಶೆಯೊಳಗ ಹತ್ತಿರ ಯಾವ ಊರದನೋ ಅದರ ಹೆಸರು ಬರದುಬಿಡ್ತೀವಿ. ಕಾರ್ಖಾನಿ ಪೈಪು ಕಡಲಿಗೆ ಬೀಳೋ ಜಾಗಾಕ್ಕ ಊರಿಲ್ಲ, ಹೆಸರಿಲ್ಲ. ಹತ್ತಿರದ್ದು ಅಂದ್ರ ನಲ್ಲಮಡ. ಹಂಗಂತ ಬರದ ಅಮರೇಶಪ್ಪ."

"ಅದರಾಗ ತಪ್ಪೇನ್ರಿ?"

"ನಲ್ಲಮಡದವರು ಆ ಪೈಪಿನ ಕಡೆ ಬಲೆನೇ ಹಾಕಂಗಿಲ್ಲ. ಅವರು ಮೀನು ಹಿಡಿಯೋದು ಅಳಿವೆ ಆಚೆಗೆ. ಆದ್ರ ವರದಿ ಪೇಪರ್‌ನವರ ಕೈಗೆ ಸಿಕ್ತು. ನಲ್ಲಮಡದ ಮೀನಿನೊಳಗ ವಿಷ ಅಂತ ಹಾಕಿದ್ರು. ಮರುದಿನದಿಂದ ಆ ಊರಿಗೆ ಮೀನಿನ ಲಾರಿ ಬರಲಿಲ್ಲ. ದೋಣಿ ಮಾರಿದ್ರು. ಹೆಣ್ಮಕ್ಕಳು ಸೀಗಡಿ ಹೊಂಡದ ಕೂಲಿಗೆ ಹೋದ್ರು. ಕಾರ್ಖಾನಿ ಪೈಪು ಮಾತ್ರ ಹರಿಯೂದು ಹರಿಯಾಕ ಹತ್ತೇದ."

ಅದಾದ ಮೇಲೆ ಅಮರೇಶಪ್ಪ ಎಂದಿನಂತೆ ಬಾಟಲಿಗಳ ಪೆಟ್ಟಿಗೆ ಹಿಡಿದು ಆ ಊರ ದಂಡೆಗೆ ಇಳಿದಿದ್ದ. ಊರಿಗೂರೇ ಕಾದಿತ್ತು. ಒದ್ದರು, ಕಲ್ಲು ಎಸೆದರು. ಒಬ್ಬ ದೋಣಿಯ ಹುಟ್ಟಿನಿಂದ ಹೊಡೆದ. ಅದೇ ಕಣ್ಣು ತೆಗೆದದ್ದು.

ಪೊಲೀಸರಿಗೆ ಅಮರೇಶಪ್ಪ, ಬಂಡೆಯ ಮೇಲೆ ಜಾರಿ ಬಿದ್ದೆ ಎಂದು ಬರೆಸಿದ. ಅವರು ಹೋದ ಮೇಲೆ ಗುರುಸಿದ್ದಪ್ಪ ಮಂಚದ ಕಬ್ಬಿಣ ಹಿಡಿದು ಬಾಗಿದ.

"ಹುಟ್ಟಿಲೆ ಹೊಡದವನ ಹೆಸರು ಹೇಳು. ಅಷ್ಟ ಸಾಕು. ಮುಂದಿಂದು ನಾ ನೋಡ್ಕೋತೀನಿ."

"ಬ್ಯಾಡೋ."

"ಹೆಸರು ಹೇಳಣ್ಣ."

"ಹೆಸರು ಹೇಳೇ ಇಷ್ಟು ಆಗೇತಿ, ಗುರುಸಿದ್ದ" ಎಂದ ಅಮರೇಶಪ್ಪ. ತುಟಿ ಹರಿದಿದ್ದರಿಂದ ಮಾತು ತೊದಲುತ್ತಿತ್ತು. "ಇನ್ನೊಂದು ಹೆಸರು ನನ್ನ ಬಾಯಿಲೆ ಬರಂಗಿಲ್ಲ."

ಬರಲೇ ಇಲ್ಲ. ಪ್ರತಿ ಯುಗಾದಿಗೆ ಬೇವು ಬೆಲ್ಲ ತಿನ್ನುತ್ತ ತಮ್ಮ ಕೇಳುತ್ತಿದ್ದ, ಅಣ್ಣ ತಲೆ ಅಲ್ಲಾಡಿಸುತ್ತಿದ್ದ. ಹೇಳದೆ ಸತ್ತ.

*

ಬಿಸಿಲು ಇಳಿಮುಖವಾಗುವ ಹೊತ್ತಿಗೆ ಕುಣಿ ಮುಗಿಯಿತು. ಬದಿಯಲ್ಲಿ ಒಬ್ಬ ಮನುಷ್ಯ ಪದ್ಮಾಸನ ಹಾಕಿ ಕೂರುವಷ್ಟು ಗೂಡು ಕೊರೆದಾಗಿತ್ತು. ಅಷ್ಟರಲ್ಲಿ ಗೇಟಿನ ಬಳಿ ಆಟೋ ನಿಂತು ಜಗಳ ಕೇಳಿಸಿತು. ಚನ್ನವೀರಯ್ಯನವರು, ಮಲ್ಕಾಜ್‌ಗಿರಿಯ ಕನ್ನಡದ ಮನೆಗಳಿಗೆಲ್ಲ ಮದುವೆಗೂ ಮಣ್ಣಿಗೂ ಬರುವ ಅಯ್ಯನವರು, ಮೀಟರಿಗಿಂತ ಹೆಚ್ಚು ಕೇಳಿದ ಆಟೋದವನಿಗೆ ಅವನದೇ ತೆಲುಗಿನಲ್ಲಿ ಅವನ ಮೂರು ತಲೆಮಾರಿನ ಸುದ್ದಿ ಹೇಳುತ್ತಿದ್ದರು. ನಲವತ್ತು ವರ್ಷ ಈ ಊರಲ್ಲಿ ಸವೆಸಿದ ನಾಲಗೆ ಅದು. ಆಟೋದವನು ಕೊನೆಗೆ ಕೈಮುಗಿದು ಹೋದ.

"ಲಿಂಗ ಸಿಗಲಿಲ್ಲ ಅಂದ್ರಲ್ಲ, ಮಠದಿಂದ ಹೊಸಾದೊಂದು ತಂದೀನಿ" ಎಂದರು ಅಯ್ಯನವರು ಕುಣಿಗೆ ಇಣುಕುತ್ತ. "ವಿಭೂತಿ, ಪತ್ರಿ ಬಂದಾವ. ಉಪ್ಪು?"

ಚಂದ್ರಾಮ ಅಂಗಡಿಯಿಂದ ತಂದ ಪ್ಲಾಸ್ಟಿಕ್ ಪಾಕೀಟುಗಳನ್ನು ತೋರಿಸಿದ. ಪುಡಿಯುಪ್ಪು.

"ಏನಪಾ ಇದು, ಕುಣಿಗೆ ಹಾಕಾಕ ತಂದೀಯೋ, ಮಜ್ಜಿಗಿಗೆ ಹಾಕಾಕ ತಂದೀಯೋ? ಹಳ್ಳುಪ್ಪು ಬೇಕು."

"ಈಗಿನ ಅಂಗಡ್ಯಾಗ ಇದ ಸಿಗೂದು ಅಯ್ನಾರ."

ಬಿದಿರು ಕಟ್ಟಿ ಹೂ ಸುತ್ತಿದ ವಿಮಾನದಲ್ಲಿ ಕೂರಿಸಿದ ಅಮರೇಶಪ್ಪನನ್ನು ಹೊತ್ತುಕೊಂಡು ಮಂದಿ ಬಂದರು. ಮುಂದೆ ಶಂಖ, ಗಂಟೆ. ರಾತ್ರಿ ಬಸ್ಸಿಗೆ ಬಂದ ಲಿಂಗಸುಗೂರಿನ ಸಂಬಂಧಿಕರು, ಆಫೀಸಿನವರು, ಓಣಿಯವರು. ಹಿಂದೆ ಹೆಂಗಸರ ನಡುವೆ ಅತ್ತಿಗೆ ವಿಶಾಲಾಕ್ಷಿ. ಬೆಳಿಗ್ಗೆಯಿಂದ ಆಕೆ ಅತ್ತಿರಲಿಲ್ಲ, ಮಾತೂ ಆಡಿರಲಿಲ್ಲ. ಸೆರಗನ್ನು ಕೊರಳಿಗೆ ಬಿಗಿಯಾಗಿ ಸುತ್ತಿ ಹಿಡಿದೇ ಇದ್ದಳು.

ಆ ಗುಂಪಿನ ಹಿಂದೆ ಒಬ್ಬ ಹೆಗಲ ಮೇಲೆ ಗೋಣಿಚೀಲ ಹೊತ್ತು ಬರುತ್ತಿದ್ದ. ಸುಟ್ಟ ಕೊರಡಿನಂಥ ಮೈ, ಮೊಳಕಾಲಿನ ಮೇಲೆ ಕಟ್ಟಿದ ಲುಂಗಿ. ಬೆವರಿಗೆ ಚೀಲ ತೊಯ್ದು ಭುಜದ ಮೇಲೆ ಬಿಳಿಯ ಗೆರೆ ಮೂಡಿತ್ತು. ಅವನನ್ನು ನೋಡಿ ವಾಸುದೇವ ಮೆಲ್ಲಗೆ, "ಇವ ಯಾಕ ಬಂದ" ಎಂದದ್ದು ಗುರುಸಿದ್ದಪ್ಪನ ಕಿವಿಗೆ ಬಿತ್ತು.

"ಯಾರ್ರೀ ಅವ?"

ವಾಸುದೇವ ಬೇರೆ ಕಡೆ ನೋಡಿದರು. "ನಲ್ಲಮಡದಾಂವ. ಪೋಲಯ್ಯ ಅಂತ. ಅಮರೇಶಪ್ಪ ತೀರಿಕೊಂಡ, ಇವತ್ತು ಬರಂಗಿಲ್ಲ ಅಂತ ನಿನ್ನೆ ಆ ಊರಿನ ಟೆಲಿಫೋನ್ ಬೂತಿಗೆ ನಾನೇ ತಿಳಿಸಿದ್ದೆ."

ಪೋಲಯ್ಯ ಚೀಲವನ್ನು ಕುಣಿಯ ದಂಡೆಯಲ್ಲಿಟ್ಟು, ಸತ್ತವನಿಗೆ ಕೈಮುಗಿದ. ಆಮೇಲೆ ಮಂದಿಯ ಮುಖಗಳನ್ನು ಒಂದೊಂದಾಗಿ ನೋಡಿ, ಅಮರೇಶಪ್ಪನ ಮೂಗು ಹಣೆ ಇದ್ದವನ ಎದುರಿಗೆ ಬಂದು ನಿಂತ. ತಮ್ಮನಾ ಎಂದು ಕೇಳಿದ. ಹೌದು ಎಂದಿದ್ದಕ್ಕೆ ತಲೆ ತಗ್ಗಿಸಿ ಹೇಳಿದ:

"ಕನ್ನು ತೀಸಿಂದಿ ನೇನೇ, ಬಾಬು."

ಕಣ್ಣು ತೆಗೆದವನು ನಾನೇ. ತೆಲುಗು ಬಾರದವನಿಗೂ ತಿಳಿಯುವ ಮಾತು.

ಗುರುಸಿದ್ದಪ್ಪನ ಕೈಯಲ್ಲಿ ಹಾರೆ ಇನ್ನೂ ಇತ್ತು. ಎತ್ತಿದ್ದು ಯಾವಾಗ ಎಂದು ಅವನಿಗೇ ತಿಳಿಯಲಿಲ್ಲ. ಹಿಂದಿನಿಂದ ಚಂದ್ರಾಮ ರಟ್ಟೆಗೆ ಜೋತುಬಿದ್ದ. ಹಾರೆ ಜಾರಿ ಚೀಲದ ಮೇಲೆ ಬಿತ್ತು, ಗೋಣಿ ಹರಿದು ಹಳ್ಳುಪ್ಪು ಗರಸಿನ ಮೇಲೆ ಚೆಲ್ಲಿತು. ಹಾರೆ ಹೋದರೆ ಮುಷ್ಟಿ ಇತ್ತು. ಮೊದಲ ಗುದ್ದು ಬಾಯಿಗೆ, ಎರಡನೆಯದು ಕಿವಿಯ ಬುಡಕ್ಕೆ. ಪೋಲಯ್ಯ ಕೈ ಎತ್ತಲಿಲ್ಲ. ಬಿದ್ದವನು ಏಳಲು ಮೊಳಕಾಲೂರಿದಾಗ ಗುರುಸಿದ್ದಪ್ಪ ಎದೆಗೆ ಒದ್ದ.

"ಹೊಡಿ, ಹೊಡಿ" ಎಂದು ಸಂಬಂಧಿಕರಲ್ಲಿ ಯಾರೋ ಅಂದರು. "ಐದು ವರ್ಷದ್ದು ಬಡ್ಡಿ ಸಮೇತ ಕೊಡು."

ಪೋಲಯ್ಯ ರಕ್ತ ಉಗುಳಿ ಕೂತ. ಬಿಡಿ ಎಂದು ಬೇಡಲಿಲ್ಲ. ಹೇಳಬೇಕಾದದ್ದನ್ನು ಹೇಳಿ ಮುಗಿಸುವ ಅವಸರದಲ್ಲಿದ್ದವನ ಹಾಗೆ ತೆಲುಗಿನಲ್ಲಿ ಮಾತು ಶುರು ಮಾಡಿದ. ಅಮರೇಶಪ್ಪ ಸಾರು ಆಮೇಲೂ ನಮ್ಮ ಊರಿಗೆ ಬಂದರು. ನಮ್ಮ ಬಲೆಯ ಮೀನು ತಗೊಂಡುಹೋಗಿ ನೋಡಿ, ವಿಷ ಇಲ್ಲ ಅಂತ ಬರೆದರು. ಯಾವ ಪೇಪರಿನವನೂ ಹಾಕಲಿಲ್ಲ. ಲಾರಿಯವರು ಕಾಗದ ನಂಬಲಿಲ್ಲ. ಆಗ ಸಾರು ದಂಡೆಯ ಮೇಲೆ, ಲಾರಿಯವರ ಎದುರಿಗೆ, ನನ್ನ ಹೆಂಡತಿ ಬೇಯಿಸಿದ ಮೀನು ತಿಂದರು. ಮೊದಲ ಸಲ ವಾಂತಿ ಮಾಡಿಕೊಂಡರು. ಮತ್ತೆ ಕೂತು ತಿಂದರು. ಪ್ರತಿ ತಿಂಗಳು ಬಂದು ತಿಂದರು. ಒಂದು ವರ್ಷಕ್ಕೆ ಲಾರಿ ತಿರುಗಿ ಬಂತು.

"ಮಾ ಇಂಟ್ಲೋ ತಿನ್ನಾರು, ಬಾಬು" ಎಂದ ಕೊನೆಗೆ. ನಮ್ಮ ಮನೆಯಲ್ಲಿ ಉಂಡರು. ಅದಕ್ಕಿಂತ ದೊಡ್ಡ ಮಾತು ಸತ್ತವನ ಬಗ್ಗೆ ಆಡಲು ಅವನ ಬಳಿ ಇರಲಿಲ್ಲ ಎಂಬುದು ಆ ಮುಖದಲ್ಲೇ ಇತ್ತು.

ಓಣಿಯವರು ಸಂಬಂಧಿಕರಿಗೆ ಅದನ್ನು ಕನ್ನಡದಲ್ಲಿ ಪಿಸುಗುಟ್ಟಿದರು. ಶಂಖದವನು ಶಂಖ ಇಳಿಸಿದ. ಹಿರಿಯರೊಬ್ಬರು ವಿಮಾನದ ಬಳಿಯಿಂದ ಹಿಂದೆ ಸರಿದರು.

"ಸುಳ್ಳು ಬೊಗಳ್ತಾನ" ಎಂದು ಒಬ್ಬ ಮುನ್ನುಗ್ಗಿ ಪೋಲಯ್ಯನ ಬೆನ್ನಿಗೆ ಒದ್ದ. ಇನ್ನೊಬ್ಬ ಕಲ್ಲೆತ್ತಿದ. "ಲಿಂಗವಂತಗ ಮೀನ ತಿನಿಸಿದೆ ಅಂತಾನ, ನಾಲಿಗಿ ಕೀಳ್ರಿ ಅವಂದು." ಮೊದಲಿನ ಏಟುಗಳಲ್ಲಿ ಸೇಡಿತ್ತು. ಈಗ ಬೀಳುತ್ತಿದ್ದವುಗಳಲ್ಲಿ ಹೆದರಿಕೆ ಇತ್ತು. ಆ ಮಾತು ನಿಜವಾದರೆ ವಿಮಾನದಲ್ಲಿ ಕೂತ ಈ ಸತ್ತವನಿಗೆ ಲಿಂಗ ಕೊಟ್ಟು ಮಣ್ಣು ಮಾಡುವುದು ಹೇಗೆ?

ಗುರುಸಿದ್ದಪ್ಪ ಪೋಲಯ್ಯನ ಕೂದಲು ಹಿಡಿದು ಮುಖ ಎತ್ತಿದ. "ಸುಳ್ಳು ಅನ್ನಲೇ. ಸುಳ್ಳು ಅಂದುಬಿಡು, ಜೀವ ಉಳಿಸ್ತೀನಿ."

ಪೋಲಯ್ಯನ ಒಂದು ಕಣ್ಣು ಆಗಲೇ ಊದಿ ಮುಚ್ಚಿತ್ತು. ಇನ್ನೊಂದರಿಂದ ಅವನನ್ನು ನೋಡಿದ. 

*

ಹಿಂದೊಮ್ಮೆ ಹೀಗೆಯೇ ಗುರುಸಿದ್ದಪ್ಪ ಅಣ್ಣನ ಮನೆಯಲ್ಲಿ ಕೂಗಾಡಿದ್ದ. ಕಣ್ಣು ಹೋಗಿ ವರ್ಷವಾಗಿರಲಿಲ್ಲ, ಅಣ್ಣ ಅದೇ ಊರಿಂದ ಆಗಷ್ಟೇ ಬಂದು, ಸ್ನಾನವನ್ನೂ ಮಾಡದೆ, ಅಲ್ಲಿನ ನೀರು ತುಂಬಿದ ಬಾಟಲಿಗಳನ್ನು ಪಡಸಾಲೆಯಲ್ಲಿ ಜೋಡಿಸಿಟ್ಟಿದ್ದ. "ಇನ್ನೊಂದು ಕಣ್ಣು ಕೊಟ್ಟು ಬರ್ತೀಯೇನು" ಎಂದು ಗುರುಸಿದ್ದಪ್ಪ ಪೆಟ್ಟಿಗೆಯನ್ನೆತ್ತಿ ಅಂಗಳಕ್ಕೆ ಎಸೆದ. ಗಾಜು ಚೂರಾಯಿತು. ಅಮರೇಶಪ್ಪ ಬಾಗಿ ಚೂರು ಆರಿಸತೊಡಗಿದ. ನಾಳೆ ಇನ್ನೊಮ್ಮೆ ಹೋಗಿ ನೀರು ತಂದರಾಯಿತು ಎಂಬ ಹಾಗೆ.

ವಿಶಾಲಾಕ್ಷಿ ಕಸಬರಿಗೆ ತಂದು ಬಾಗಿದಾಗ ಅವಳ ಕೊರಳಿಂದ, ಲಿಂಗ ಕಟ್ಟುವ ಶಿವದಾರ, ಎರಡು ಜೋತಾಡಿದವು.

"ಏನ್ ವೈನಿ, ಎರಡೆರಡು?" ಎಂದಿದ್ದ ಅವನು, ಸಿಟ್ಟಿನ ನಡುವೆಯೂ.

"ಹಳೇದು ಸವದಿತ್ತು. ಹೊಸಾದು ಹಾಕ್ಕೊಂಡೀನಿ" ಎಂದು ಆಕೆ ಸೆರಗು ಎಳೆದುಕೊಂಡಿದ್ದಳು.

ಅಂಗಳದ ಕಲ್ಲಿನ ಮೇಲೆ ಆ ನೀರು ಒಣಗಿದ ಬಿಳಿಯ ಕಲೆ ಎಷ್ಟು ತೊಳೆದರೂ ಬಹಳ ದಿನ ಉಳಿದಿತ್ತು.

*

"ಬಿಡು ಅವನ್ನ, ಗುರುಸಿದ್ದಪ್ಪ."

ಬೆಳಿಗ್ಗೆಯಿಂದ ಆಕೆ ಆಡಿದ ಮೊದಲ ಮಾತು. ವಿಶಾಲಾಕ್ಷಿ ಹೆಂಗಸರ ಗುಂಪಿನಿಂದ ಬಂದು ಕುಣಿಯ ದಂಡೆಯಲ್ಲಿ ನಿಂತಿದ್ದಳು. ಅಯ್ಯನವರ ಅಂಗೈಯಲ್ಲಿದ್ದ ಹೊಸ ಲಿಂಗವನ್ನು ನೋಡಿ ತಲೆ ಅಲ್ಲಾಡಿಸಿದಳು. ಸೆರಗು ಸಡಿಲಿಸಿ ಕೊರಳಿಗೆ ಕೈಹಾಕಿದಳು. ಒಂದು ಶಿವದಾರ ಅಲ್ಲೇ ಉಳಿಯಿತು. ಇನ್ನೊಂದು, ಬೆಳ್ಳಿಯ ಕರಡಿಗೆಯ ಸಮೇತ, ತಲೆಯ ಮೇಲಿಂದ ಹೊರಗೆ ಬಂತು.

"ಆ ಊರಿಗೆ ಹೋಗೂ ಮುಂದ ನನ್ನ ಕೊರಳಿಗೆ ಕಟ್ಟಿ ಹೋಗ್ತಿದ್ರು. ಬಂದು ಸ್ನಾನ ಮಾಡಿ ತಿರಗಿ ಕಟಗೊಂತಿದ್ರು. ನಿನ್ನೆ ಮುಂಜಾನೆನೂ ಕಟ್ಟಿ ಹ್ವಾದ್ರು." ಗುರುಸಿದ್ದಪ್ಪನ ಕಡೆ ತಿರುಗಿದಳು. "ದವಾಖಾನ್ಯಾಗ ನೀ ಆ ಮನಷಾಗ ಹೊಡದಿ ಅಂತ ಚಂದ್ರಾಮಣ್ಣ ಹೇಳಿದ. ಆಗ ಹೇಳಬೇಕಿತ್ತು ನಾನು. ನಾಲಿಗಿ ಏಳಲಿಲ್ಲ."

ಗುರುಸಿದ್ದಪ್ಪನ ಬೆರಳುಗಳು ಪೋಲಯ್ಯನ ಕೂದಲಿನಿಂದ ಸಡಿಲವಾದವು.

ಆಕೆ ಅಯ್ಯನವರ ಎದುರಿಗೆ ಕರಡಿಗೆ ಹಿಡಿದಳು. "ಅಯ್ನಾರ, ಆ ಮನಷಾ ಹೇಳಿದ್ದು..."

ಚನ್ನವೀರಯ್ಯನವರು ಕೈಯೆತ್ತಿ ತಡೆದರು. ವಿಮಾನದಲ್ಲಿ ಕೂತವನ ಮುಖ ನೋಡಿದರು. ಮುಚ್ಚಿದ ಬಲಗಣ್ಣು, ಗುಳಿಬಿದ್ದ ಎಡಗಣ್ಣು, ಹಣೆಯ ತುಂಬ ವಿಭೂತಿ. ನೆಲದ ಮೇಲೆ ರಕ್ತ ಒರೆಸಿಕೊಳ್ಳುತ್ತಿದ್ದವನನ್ನು ನೋಡಿದರು. ಆಮೇಲೆ ಸಂಬಂಧಿಕರಿಗೆ ಕೇಳುವಂತೆ ಗಟ್ಟಿಯಾಗಿ ಅಂದರು:

"ಆ ಮನಷಾ ಏನಂದನೋ ಏನೋ. ನನಗ ತೆಲುಗು ತಿಳಿಯಂಗಿಲ್ಲ."

ಚಂದ್ರಾಮನ ಬಾಯಿ ತೆರೆದು ಮುಚ್ಚಿತು.

"ಅಯ್ನಾರ, ಹಂಗಲ್ಲರಿ, ಅವ ಏನಂದ ಅಂದ್ರ..." ಎಂದು ಹಿರಿಯರು ಶುರು ಮಾಡಿದರು.

"ನೀವು ಲಿಂಗಸುಗೂರಿನವರು. ನಿಮಗ ತೆಲುಗು ಬರ್ತೈತೇನು?" ಅಯ್ಯನವರ ದನಿ ಚಾಕುವಿನ ಹಾಗಿತ್ತು. "ಬರಂಗಿದ್ರ ಹೇಳ್ರಿ. ಎಲ್ಲಿ ಕಲತ್ರಿ, ಯಾರ ಮನ್ಯಾಗ ಕುಂತು ಕಲತ್ರಿ, ಅಲ್ಲಿ ಏನೇನು ಉಂಡ್ರಿ, ಎಲ್ಲಾ ಕೇಳ್ತೀನಿ."

ಹಿರಿಯರು ಟವೆಲಿನಿಂದ ಮುಖ ಒರೆಸಿಕೊಂಡರು. ಕಲ್ಲು ಹಿಡಿದವನು ಅದನ್ನು ಕಾಲ ಬಳಿ ಬಿಟ್ಟ. ಇಬ್ಬರು ಬೆನ್ನು ತಿರುಗಿಸಿ ಗೇಟಿನ ಕಡೆ ಹೋದರು. ಉಳಿದವರು ಉಳಿದರು.

ಅಯ್ಯನವರು ಕರಡಿಗೆ ಬಿಚ್ಚಿ ಲಿಂಗವನ್ನು ಅಮರೇಶಪ್ಪನ ಎಡ ಅಂಗೈಯಲ್ಲಿಟ್ಟು ಬೆರಳು ಮಡಚಿದರು. ಗಂಟೆ ಮೊಳಗಿತು. ಗುರುಸಿದ್ದಪ್ಪ, ಚಂದ್ರಾಮ ಕುಣಿಗಿಳಿದು ಅಣ್ಣನನ್ನು ಕೆಳಗೆ ತೆಗೆದುಕೊಂಡು ಗೂಡಿನಲ್ಲಿ ಕೂರಿಸಿದರು. ದಂಡೆಯಲ್ಲಿ ಕೂತು ಅಯ್ಯನವರು, ಕೊನೆಯ ಆಶೀರ್ವಾದದ ಪದ್ಧತಿಯಂತೆ, ಬಲಗಾಲು ಇಳಿಬಿಟ್ಟು ಸತ್ತವನ ನೆತ್ತಿಗೆ ಮುಟ್ಟಿಸಿದರು, ಆ ವಯಸ್ಸಿಗೆ ಆಗುವುದಕ್ಕಿಂತ ತುಸು ಹೆಚ್ಚೇ ಹೊತ್ತು.

"ಉಪ್ಪು ತರ್ರಿ" ಎಂದರು.

ಪಾಕೀಟು ಒಡೆಯಲು ಹೋದ ಒಬ್ಬನಿಗೆ, "ಅದಲ್ಲ" ಎಂದರು.

ಪೋಲಯ್ಯ ಮೊಳಕಾಲ ಮೇಲೆ ಹರಿದಾಡಿ, ಚೆಲ್ಲಿದ ಉಪ್ಪನ್ನು ಗರಸಿನಿಂದ ಬಿಡಿಸಿ ಬೊಗಸೆಗೆ ಬಳಿಯುತ್ತಿದ್ದ. ತುಟಿಯ ರಕ್ತ ತೊಟ್ಟಿಕ್ಕಿದ ಹರಳುಗಳನ್ನು ಬೇರೆ ಮಾಡಿ ಪಕ್ಕಕ್ಕೆ ಹಾಕುತ್ತಿದ್ದ. ಒಮ್ಮೆ ಸಾರು ಹೇಳಿದ್ದರಂತೆ, ನಮ್ಮನ್ನು ಕೂರಿಸಿ ಉಪ್ಪು ಹಾಕಿ ಹೂಳುತ್ತಾರೆ ಎಂದು. ಹಾಗಾದರೆ ಉಪ್ಪು ನಂದು ಎಂದು ಇವನು ನಕ್ಕಿದ್ದನಂತೆ. ವಾಸುದೇವರಿಗೆ ಅದನ್ನು ಹೇಳುತ್ತ ಬೊಗಸೆಯನ್ನು ಕುಣಿಯ ಕಡೆ ಚಾಚಿದ.

ಗುರುಸಿದ್ದಪ್ಪ ಕೆಳಗಿನಿಂದ ಎರಡೂ ಕೈ ಒಡ್ಡಿದ. ಒಡೆದ ಗುಳ್ಳೆಗಳ ಮೇಲೆ ಉಪ್ಪು ಬಿದ್ದು ಉರಿ ಅಂಗೈಯಿಂದ ಮೊಳಕೈವರೆಗೆ ಹತ್ತಿತು. ಅವನು ಕೊಡವಲಿಲ್ಲ. ಅಣ್ಣನ ಕಾಲ ಸುತ್ತ, ಸೊಂಟದ ಸುತ್ತ ಒತ್ತಿದ. ಮತ್ತೆ ಒಡ್ಡಿದ. ಎದೆಮಟ್ಟ ಬರುವವರೆಗೆ ಒಬ್ಬ ಸುರಿದ, ಒಬ್ಬ ಹಿಡಿದ. 

*

ಎಲ್ಲ ಮುಗಿದ ಮೇಲೆ ಪೋಲಯ್ಯನನ್ನು ಸಿಕಂದರಾಬಾದ್ ಸ್ಟೇಷನ್ನಿಗೆ ಬಿಡಲು ಗುರುಸಿದ್ದಪ್ಪನೇ ಹೋದ. ಆಟೋದಲ್ಲಿ ಪೋಲಯ್ಯ ಖಾಲಿ ಗೋಣಿಚೀಲವನ್ನು ಮಡಚಿ ತೊಡೆಯ ಮೇಲಿಟ್ಟುಕೊಂಡಿದ್ದ. ಇಳಿದವನು ಕೈಮುಗಿದು ಮಂದಿಯೊಳಗೆ ಸೇರಿಹೋದ. ಊದಿದ ಕಣ್ಣಿನ ಕಡೆಯಿಂದ ಬಂದ ಹಮಾಲಿಯೊಬ್ಬನಿಗೆ ಡಿಕ್ಕಿ ಹೊಡೆದು, ತಡವರಿಸಿ, ಮುಂದೆ ನಡೆದ.

"ಮಲ್ಕಾಜ್‌ಗಿರಿಗಾ?" ಎಂದ ಆಟೋದವನು.

"ದವಾಖಾನಿಗೆ" ಎಂದ ಗುರುಸಿದ್ದಪ್ಪ.

ಶವಾಗಾರ ಆಸ್ಪತ್ರೆಯ ಹಿಂದೆ, ನೀರಿನ ಟಾಕಿಯ ಪಕ್ಕ. ಸಂಜೆಯ ಬೆಳಕಿನಲ್ಲಿ ಆ ಬಡಕಲು ಆಳು ಮೆಟ್ಟಿಲ ಮೇಲೆ ಕೂತು ಬೀಡಿ ಸೇದುತ್ತಿದ್ದ. ಅವನ ಹೆಸರೇನೆಂದು ಬೆಳಿಗ್ಗೆ ಕೇಳಿರಲಿಲ್ಲ. ಗುರುಸಿದ್ದಪ್ಪ ಬೇವಿನ ಗಿಡ ದಾಟಿ ಮುಂದೆ ಹೋದ. ಉರಿಯುವ ಅಂಗೈಗಳನ್ನು ಮುಚ್ಚಲಾಗದೆ ಹಾಗೇ ಬಿಚ್ಚಿ ಹಿಡಿದಿದ್ದ.

ಹೆಜ್ಜೆಯ ಸಪ್ಪಳಕ್ಕೆ ಆಳು ತಲೆ ಎತ್ತಿದ. ಬಂದವನು ಯಾರೆಂದು ತಿಳಿಯುತ್ತಲೇ ಬೀಡಿ ಬಿಸಾಡಿ ಎದ್ದು, ಗೋಡೆಗೆ ಬೆನ್ನು ಹಚ್ಚಿ, ಮೊಳಕೈಯನ್ನು ಕಣ್ಣುಗಳಿಗೆ ಅಡ್ಡ ಹಿಡಿದು ನಿಂತ.